ಮಗಳ ಟೀಚರ್‌ಗೆ ನಾವೇ ಹೊಲಿದ ನೋಟ್‌ಬುಕ್: ನಾಲ್ಕು ವಾರದ ಕೆಲಸ

ವಾರ 1

ಶಾಲೆಯ ವರ್ಷ ಮುಗಿಯಲು ಇನ್ನು ನಾಲ್ಕೇ ವಾರ. ಎಂಟು ವರ್ಷದ ಮಗಳಿಗೆ ಅವಳ ಟೀಚರ್‌ಗೆ ಏನಾದರೂ ಕೊಡಲೇಬೇಕು ಅಂತ ಆಸೆ. ನನ್ನ ತಲೆಯಲ್ಲಿ ಮೊದಲು ಬಂದದ್ದು ಮಗ್, ಪೆನ್ ಸೆಟ್, ಹೂಗುಚ್ಛ. ಆಮೇಲೆ ಅವಳನ್ನೇ ಕೇಳಿದೆ, "ಟೀಚರ್ ಮೇಜಿನ ಮೇಲೆ ಏನೇನಿರುತ್ತೆ?" ಮಗ್ ಆಗಲೇ ನಾಲ್ಕಿವೆಯಂತೆ. "ನಾವು ಏನಾದ್ರೂ ಹೇಳಿದ್ರೆ ಹಳೇ ಹಾಳೆ ಹಿಂದೆ ಬರ್ಕೋತಾರೆ. ಆಮೇಲೆ ಆ ಚೀಟಿ ಹುಡುಕ್ತಾ ಇರ್ತಾರೆ" ಅಂದಳು.

ದಿನಾ ಆರು ಗಂಟೆ ಟೀಚರನ್ನು ನೋಡುವುದು ಅವಳು, ನಾನಲ್ಲ. ಉಡುಗೊರೆ ಏನು ಅಂತ ಅವಳಿಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ ಅಷ್ಟೇ. ನೋಟ್‌ಬುಕ್ ಅಂತ ತೀರ್ಮಾನವಾಯಿತು. ಅಂಗಡಿಯದಲ್ಲ, ನಾವೇ ಹೊಲಿದದ್ದು. ಉಡುಗೊರೆ ಬಗ್ಗೆ ಶಾಲೆಯ ನಿಯಮ ಏನಿದೆ ಅಂತಲೂ ಕೇಳಿಕೊಂಡೆ. ಕೈಯಲ್ಲಿ ಮಾಡಿದ್ದಕ್ಕೆ ಅಡ್ಡಿಯಿಲ್ಲ.

ಹೊಲಿಗೆಗೆ ಕಾಪ್ಟಿಕ್ ಬೈಂಡಿಂಗ್ ಆರಿಸಿದೆವು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ನೂರಾರು ವರ್ಷಗಳ ಹಿಂದೆ ಪುಸ್ತಕ ಕಟ್ಟುತ್ತಿದ್ದ ವಿಧಾನ ಇದು. ಬೆನ್ನಿಗೆ ಅಂಟು ಬೇಡ, ದಾರವೇ ಎಲ್ಲವನ್ನೂ ಹಿಡಿಯುತ್ತದೆ. ಹಾಗಾಗಿ ಪುಸ್ತಕ ಮೇಜಿನ ಮೇಲೆ ಪೂರ್ತಿ ಬಿಚ್ಚಿಕೊಂಡು ಮಲಗುತ್ತದೆ. ಒಂದು ಕೈಯಲ್ಲಿ ಯಾರದೋ ಉತ್ತರಪತ್ರಿಕೆ, ಇನ್ನೊಂದರಲ್ಲಿ ಪೆನ್ ಹಿಡಿದವರಿಗೆ ಅದೇ ಬೇಕು ಅಲ್ವಾ?

ವಾರ 2

ಈ ವಾರ ಪೂರ್ತಿ ಹಾಳೆಯ ಹಿಂದೆಯೇ ಹೋಯಿತು. ಪ್ರಿಂಟರ್ ಹಾಳೆ ಸಾಮಾನ್ಯವಾಗಿ 80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ. ಶಾಯಿ ಹಿಂಬದಿಗೆ ಕಾಣಬಾರದು ಅಂತ 100 ತಂದೆ. ಮೊದಲ ಪ್ರಯೋಗಕ್ಕೆ ಎ4 ಹಾಳೆಗಳನ್ನು ಸುಮ್ನೆ ಅರ್ಧಕ್ಕೆ ಮಡಿಚಿದೆವು. ಮಡಿಕೆ ಒರಟಾಗಿ ಬಂತು, ಪುಟಗಳು ಸೆಟೆದು ನಿಂತವು. ಕಾರಣ ನಾರಿನ ದಿಕ್ಕು. ಕಾಗದದ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಮಡಿಕೆ ಅದೇ ದಿಕ್ಕಿಗಿದ್ದರೆ ಪುಟ ಮೆತ್ತಗೆ ತಿರುಗುತ್ತದೆ. ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ನಾವು ಮಡಿಚಿದ್ದು ಅದಕ್ಕೆ ಅಡ್ಡವಾಗಿ. ಗೊತ್ತುಮಾಡುವುದು ಸುಲಭ: ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಅತ್ತ ಮಡಿಚಬೇಕು.

ಕೊನೆಗೆ ಉದ್ದ ನಾರಿನ 12 ಎ3 ಹಾಳೆ ತಂದು ಅರ್ಧಕ್ಕೆ ಕತ್ತರಿಸಿದೆ. ಆಗ ದಿಕ್ಕು ಸರಿಹೋಯಿತು. 24 ಹಾಳೆ, ನಾಲ್ಕು ನಾಲ್ಕರಂತೆ ಒಟ್ಟಿಗೆ ಅರ್ಧಕ್ಕೆ ಮಡಿಚಿ ಆರು ಕಂತೆ, ಒಟ್ಟು 96 ಪುಟ. ಮಡಿಕೆ ತೀಡುವ ಕೆಲಸ ಮಗಳದು. ಚಮಚದ ಬೆನ್ನಿನಿಂದ ಎಷ್ಟು ಚೆನ್ನಾಗಿ ತೀಡಿದಳೆಂದರೆ ನಾನು ಮತ್ತೆ ಮುಟ್ಟಬೇಕಾಗಲಿಲ್ಲ.

ವಾರ 3

ಹೊದಿಕೆಯ ರಟ್ಟಿಗೆ ಬಟ್ಟೆ ಅಂಟಿಸಿದೆವು. ಬೆಳಿಗ್ಗೆ ನೋಡಿದರೆ ರಟ್ಟು ಬಾಗಿತ್ತು. ಅಂಟಿನ ತೇವಕ್ಕೆ ಹಿಗ್ಗಿದ ಬಟ್ಟೆ ಒಣಗುವಾಗ ಕುಗ್ಗಿ ರಟ್ಟನ್ನು ಒಂದು ಕಡೆಗೆ ಎಳೆಯುತ್ತದೆ. ಒಳಬದಿಗೂ ಕಾಗದ ಅಂಟಿಸಿ, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಟ್ಟ ಮೇಲೆ ನೆಟ್ಟಗಾಯಿತು.

ಆಮೇಲೆ ಹೊಲಿಗೆ. ಪ್ರತಿ ಕಂತೆಗೂ ಐದು ತೂತು. ಲಿನನ್ ದಾರವನ್ನು ಮೂರು ಸಲ ಜೇನುಮೇಣದ ಮೇಲೆ ಎಳೆದೆ. ಮೇಣ ಹಚ್ಚಿದರೆ ದಾರ ಸಿಕ್ಕಾಗುವುದಿಲ್ಲ, ಗಂಟೂ ಜಾರುವುದಿಲ್ಲ. ಎರಡನೇ ಕಂತೆಯಲ್ಲಿ ದಾರವನ್ನು ಮೇಲಕ್ಕೆ ಎಳೆದೆ, ಕಾಗದ ಹರಿಯಿತು. ಮಡಿಕೆಯ ಉದ್ದಕ್ಕೇ, ಹೊಲಿಗೆ ಸಾಗುವ ಕಡೆಗೇ ಎಳೆಯಬೇಕು. ಆ ಕಂತೆ ತೆಗೆದು ಹೊಸದು ಮಡಿಚಿದೆವು. ಆರನೆಯದನ್ನು ತಾನೇ ಹೊಲಿಯುತ್ತೇನೆ ಅಂದಳು. ಮುಕ್ಕಾಲು ಗಂಟೆ ಹಿಡಿಯಿತು. ಅವಳ ಗಂಟು ಸ್ವಲ್ಪ ದಪ್ಪ, ಬಿಚ್ಚಲು ನನಗೆ ಮನಸ್ಸಾಗಲಿಲ್ಲ.

ವಾರ 4

ಮಗಳು ಟೀಚರ್‌ಗೆ ಬರೆಯುವ ಪತ್ರ ಎಲ್ಲಿರಬೇಕು ಅಂತ ಎರಡು ದಿನ ಮಾತಾಡಿದೆವು. ಮೊದಲ ಪುಟದಲ್ಲೇ ಬರೆಯೋಣ ಅಂತ ನಾನು. "ಬುಕ್ ಮುಗಿದ್ಮೇಲೆ ಬಿಸಾಕ್ತಾರೆ, ಆಗ ಪತ್ರನೂ ಹೋಗುತ್ತೆ" ಅಂತ ಅವಳು. ಅವಳ ಮಾತೇ ಸರಿ. ಹಿಂದಿನ ರಟ್ಟಿನ ಒಳಗೆ ಸಣ್ಣ ಜೇಬು ಅಂಟಿಸಿದೆವು, ಪತ್ರ ಅದರಲ್ಲಿ. ಮೂರೇ ಸಾಲು. ಒಂದು ಸಾಲು ಹೀಗಿದೆ: "ನಾನು ಗಟ್ಟಿಯಾಗಿ ಓದುವಾಗ ತಡವರಿಸಿದ್ರೆ ನೀವು ಕಾಯ್ತೀರಿ." ಇದು ನನಗೂ ಗೊತ್ತಿರಲಿಲ್ಲ.

ಇವತ್ತು ಕೊಟ್ಟಾಯಿತು. ನಾನು ಬಾಗಿಲ ಹತ್ತಿರವೇ ನಿಂತೆ, ಅವಳು ಒಬ್ಬಳೇ ಹೋದಳು. ಟೀಚರ್ ಅದನ್ನು ಮೇಜಿನ ಮೇಲೆ ಪೂರ್ತಿ ಬಿಚ್ಚಿ, ಬೆನ್ನಿನ ಹೊಲಿಗೆ ಮೇಲೆ ಬೆರಳಾಡಿಸಿ, ಈ ದಪ್ಪ ಗಂಟು ಯಾರದು ಅಂತ ಕೇಳಿದರಂತೆ.

"ನಂದು" ಅಂದಳಂತೆ.