ಕಡಿಮೆ ರೊಕ್ಕಕ್ಕೆ ಗಟ್ಟಿ ಬೇಕಿಂಗ್ ಟ್ರೇ ಯಾವುದು?

"ಅಕ್ಕಾರ, ಓವನ್ ತಗೊಂಡೇವ್ರಿ. ಟ್ರೇ ಎಂಥಾದ್ದು ತಗೋಬೇಕು? ಭಾಳ ರೊಕ್ಕ ಹಾಕೂದಿಲ್ಲ, ಆದ್ರ ಗಟ್ಟಿ ಇರಬೇಕು ನೋಡ್ರಿ."

ಹುಬ್ಬಳ್ಳಿ-ಧಾರವಾಡದಲ್ಲಿ ಗುರುತಿನವರ ಮನೆಗೆ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಬಂತೆಂದರೆ ನನಗೆ ಈ ಪ್ರಶ್ನೆ ಗ್ಯಾರಂಟಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೋಟಿಂಗ್ ಇಲ್ಲದ ದಪ್ಪ ಅಲ್ಯೂಮಿನಿಯಂ ಟ್ರೇ ತಗೊಳ್ಳಿ, ಒಂದೇ ಒಂದು. ಮೂರು ತುಂಡಿನ ಕಪ್ಪು ನಾನ್‌ಸ್ಟಿಕ್ ಸೆಟ್ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಅಗ್ಗದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಒಳಗಿರುವುದು ತೆಳು ಕಬ್ಬಿಣದ ತಗಡು. ಕೋಟಿಂಗ್ ಒಂದು ಕಡೆ ಎದ್ದರೆ ಅಲ್ಲಿಂದಲೇ ತುಕ್ಕು ಶುರು. ನಾನಕಟಾಯಿ ಅಂಟಿಕೊಂಡರೆ ನಮ್ಮ ಕೈ ಸುಮ್ನಿರುತ್ತದಾ? ಸ್ಟೀಲ್ ಚಮಚ ತಗೊಂಡು ಎಬ್ಬಿಸುತ್ತೇವೆ. ಇನ್ನೊಂದು ವಿಷಯ, ಟೆಫ್ಲಾನ್ ತರಹದ ಕೋಟಿಂಗ್ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ. ಮನೆ ಓಟಿಜಿಯ ಗುಂಡಿ ಹೆಚ್ಚಾಗಿ 250ಕ್ಕೆ ನಿಲ್ಲುತ್ತದೆ, ನಿಜ. ಆದರೆ ಖಾಲಿ ಟ್ರೇಯನ್ನು ಓವನ್ನಿನ ಕಾಯುವ ರಾಡಿನ ಹತ್ತಿರ ಇಟ್ಟರೆ ಅದರ ಬಿಸಿ ಗುಂಡಿಯ ಲೆಕ್ಕ ಕೇಳುವುದಿಲ್ಲ.

ಓವನ್ ಒಳಗಿಂದ 'ಟಪ್' ಅಂತ ಸದ್ದು ಬರುವುದು ಕೇಳಿರಬಹುದು. ಅದು ಟ್ರೇ ತಿರುಚಿಕೊಂಡ ಸದ್ದು. 30 ಸೆಂ.ಮೀ. ಉದ್ದದ ಅಲ್ಯೂಮಿನಿಯಂ 200 ಡಿಗ್ರಿ ಬಿಸಿ ಏರಿದರೆ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಒಂದು ಮೂಲೆಯಲ್ಲಿ ತಣ್ಣನೆ ಹಿಟ್ಟು, ಇನ್ನೊಂದು ಮೂಲೆ ಖಾಲಿ ಇದ್ದರೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ತೆಳು ತಗಡು ಆಗ ಸೊಟ್ಟಗಾಗುತ್ತದೆ, ಎಣ್ಣೆಯೆಲ್ಲ ಒಂದು ಬದಿಗೆ ಹರಿದು ನಿಲ್ಲುತ್ತದೆ. ದಪ್ಪ ತಗಡು ಬಿಸಿಯನ್ನು ಎಲ್ಲ ಕಡೆ ಹಂಚುತ್ತದೆ, ಅಷ್ಟು ಸುಲಭಕ್ಕೆ ಬಾಗುವುದೂ ಇಲ್ಲ.

ಆನ್‌ಲೈನ್ ಫೋಟೋದಲ್ಲಿ ದಪ್ಪ ಗೊತ್ತಾಗುವುದಿಲ್ಲ. ಅದಕ್ಕೇ ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟ್ ಕಡೆ ಹೋಗಿ ಭಾಂಡೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಅನ್ನುತ್ತೇನೆ. ಟ್ರೇಯ ಎದುರುಬದರು ಮೂಲೆ ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವಂತೆ ಮೆಲ್ಲಗೆ ತಿರುವಿ. ಸುಲಭಕ್ಕೆ ತಿರುಗಿದರೆ ವಾಪಸ್ ಇಡಿ. ಆಮೇಲೆ ಕೌಂಟರಿನ ಗಾಜಿನ ಮೇಲಿಟ್ಟು ಒಂದೊಂದೇ ಮೂಲೆ ಒತ್ತಿ. ಟಕಟಕ ಅಂತ ಅಲ್ಲಾಡಿದರೆ ಅದು ಹೊಸದಿರುವಾಗಲೇ ಸೊಟ್ಟ. ಕೊನೆಗೆ ಅಂಚಿನ ಮೇಲೆ ಬೆರಳಾಡಿಸಿ. ಅಂಚು ಗುಂಡಗೆ ಸುತ್ತಿರಬೇಕು, ಸುಮ್ನೆ ಕತ್ತರಿಸಿ ಬಿಟ್ಟಿರಬಾರದು. ಟ್ರೇ ನೆಟ್ಟಗೆ ನಿಲ್ಲುವುದರಲ್ಲಿ ಆ ಸುತ್ತಿದ ಅಂಚಿನ ಪಾಲು ದೊಡ್ಡದು. ಅಂಗಡಿಯವರು ಗೇಜ್ ಲೆಕ್ಕ ಹೇಳಿದರೆ ನೆನಪಿಡಿ, ನಂಬರ್ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 22 ಅಂದರೆ ಸುಮಾರು 0.7. ನನ್ನ ಮತ 18ಕ್ಕೆ. ಅಲ್ಯೂಮಿನಿಯಂ ತೂಕದ ಮೇಲೆ ಕೊಡುವ ಅಂಗಡಿಯಾದರೆ ದಪ್ಪಕ್ಕೆ ರೊಕ್ಕ ಜಾಸ್ತಿಯಾಗುತ್ತದೆ. ಆಗಲಿ ಬಿಡಿ, ಚೌಕಾಸಿ ಬೇರೆ ಯಾವುದರಲ್ಲಾದರೂ ಮಾಡಿ.

ಹೋಗುವ ಮೊದಲು ಓವನ್ ಒಳಗೆ ಟೇಪ್ ಹಿಡಿದು ಅಳೆಯಿರಿ. ಟ್ರೇ ಸುತ್ತಲೂ ಎರಡು ಸೆಂ.ಮೀ. ಆದರೂ ಜಾಗ ಬೇಕು, ಇಲ್ಲದಿದ್ದರೆ ಬಿಸಿ ಗಾಳಿ ಓಡಾಡುವುದಿಲ್ಲ. ಅಂಚಿನ ಎತ್ತರವೂ ಅಷ್ಟೇ, ಎರಡು ಸೆಂ.ಮೀ. ಸಾಕು.

ನಮ್ಮ ಕಡೆ ಓವನ್ ಕೇಕಿಗಿಂತ ಶೇಂಗಾ ಹುರಿಯಲಿಕ್ಕೇ ಜಾಸ್ತಿ ಉಪಯೋಗ, ಅಲ್ವಾ? ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಕಾಳನ್ನು ಟ್ರೇಯಲ್ಲಿ ಒಂದೇ ಪದರ ಹರಡಿ, 160-170 ಡಿಗ್ರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಬಿಡಿ. ನಡುವೆ ಒಮ್ಮೆ ಕೈಯಾಡಿಸಿ. ತೆಳು ಕಪ್ಪು ಟ್ರೇಯಲ್ಲಿ ಅಂಚಿನ ಕಾಳು ಕರಕಲಾಗುವಾಗ ನಡುವಿನದು ಇನ್ನೂ ಹಸಿ ಇರುತ್ತದೆ. ದಪ್ಪ ಬಿಳಿ ಟ್ರೇಯಲ್ಲಿ ಸಿಪ್ಪೆ ಎಲ್ಲ ಕಡೆ ಒಟ್ಟಿಗೇ ಬಿರಿಯುತ್ತದೆ. ಬಿರಿದ ಕೂಡಲೇ ಬೇರೆ ತಾಟಿಗೆ ಸುರಿಯಿರಿ. ಟ್ರೇಯ ಬಿಸಿಗೆ ಹುರಿಯುವುದು ನಿಲ್ಲುವುದಿಲ್ಲ. ಕಪ್ಪು ಟ್ರೇ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ, ಹತ್ತು-ಹದಿನೈದು ಡಿಗ್ರಿ ಕಡಿಮೆ ಇಟ್ಟು ನಡೆಸಿ.

ಹುಳಿ ಪದಾರ್ಥ ಮಾತ್ರ ಇದರಲ್ಲಿ ಬೇಡ. ಟೊಮ್ಯಾಟೊ, ಹುಣಸೆ, ನಿಂಬೆ, ಮೊಸರು ಹಚ್ಚಿದ ಪನೀರ್ ಇಂಥದ್ದೆಲ್ಲ ಬರಿ ಅಲ್ಯೂಮಿನಿಯಂ ಜೊತೆ ಸೇರಿ ಲೋಹದ ರುಚಿ ಬಿಡುತ್ತವೆ. ಅದಕ್ಕೆ ಮನೆಯಲ್ಲಿರುವ ಅಂಚಿನ ಸ್ಟೀಲ್ ತಾಟೇ ಸಾಕು. ಸ್ಟೀಲ್ ಬಿಸಿ ಹಂಚುವುದರಲ್ಲಿ ಅಲ್ಯೂಮಿನಿಯಂಗಿಂತ ಎಷ್ಟೋ ಹಿಂದೆ, ಆದರೆ ಹುಳಿಗೆ ಜಗ್ಗುವುದಿಲ್ಲ.

ತೊಳೆಯುವುದು ಸುಲಭ. ಬಿಸಿ ಟ್ರೇಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ದಪ್ಪದ್ದೂ ಸೊಟ್ಟಗಾದೀತು. ವಾಶಿಂಗ್ ಸೋಡಾ ಹಾಕಿದ ನೀರಿನಲ್ಲಿ ನೆನೆಸಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ. ಕಪ್ಪಾಗಿದ್ದರೆ ಹಿಂಡಿದ ನಿಂಬೆ ಹೋಳಿನಿಂದ ಉಜ್ಜಿ ತೊಳೆದುಬಿಡಿ. ಭಾಂಡೆ ತಿಕ್ಕಲು ಬರುವವರಿದ್ದರೆ ಸೋಡಾದ ವಿಷಯ ಅವರಿಗೂ ಮೊದಲೇ ಹೇಳಿಡಿ.