ಕೂತಲ್ಲೇ ಓಟ

"ಎಲ್ಲಾ ರಟ್ಟೇದೇ ಕೆಲಸ. ರಟ್ಟೆ ನೋಡು ಆಯಮ್ಮಂದು!"

ಮೊನ್ನೆ ಭಾನುವಾರ ಶರಾವತಿ ಹಿನ್ನೀರಿನ ದಂಡೆಯಲ್ಲಿ ಕೇಳಿದ ಮಾತು. ಬೋಟಿಂಗ್‌ಗೆ ಬಂದ ಒಂದು ಕುಟುಂಬ ಸರದಿಗೆ ಕಾಯುತ್ತಾ ಮೊಬೈಲಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಕಯಾಕ್ ದೋಣಿ ಓಟದ ಕೆ-1 500 ಮೀಟರ್ ಫೈನಲ್ ನೋಡುತ್ತಿತ್ತು. ನ್ಯೂಜಿಲೆಂಡಿನ ಲಿಸಾ ಕ್ಯಾರಿಂಗ್ಟನ್ ಆಗಲೇ ಮುಂದಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೊಬೈಲಿಗೆ ಮುಖ ಹತ್ತಿರ ತಂದು ಹೇಳಿದಳು: "ಮಾವ, ಮೊಣಕಾಲು ನೋಡಿ. ಅವ್ರು ಕೂತ್ಕಂಡೇ ಓಡ್ತಿದಾರೆ."

"ಓಡೋದೆಂತ? ದೋಣೀಲಿ ಕಾಲಿಗೆಂತ ಕೆಲಸ ಮಾರಾಯ್ತಿ? ರಟ್ಟೆ ಬೇಕು ಇದಕ್ಕೆ. ಹುಡುಗೀರಿಗೆಲ್ಲ ಆಗೋದಲ್ಲ ಬಿಡು."

ಹುಡುಗಿ ಸುಮ್ಮನಾದಳು. ಆಗಲೇ ಅವಳ ಪರವಾಗಿ ಒಂದು ಮಾತು ಬರಬೇಕಿತ್ತು, ಯಾರ ಬಾಯಿಂದಲೂ ಬರಲಿಲ್ಲ. ವಾರವಿಡೀ ಆ "ಕೂತ್ಕಂಡೇ ಓಡ್ತಿದಾರೆ" ಕಿವಿಯಲ್ಲೇ ಇದೆ. ಕಯಾಕ್ ಹೇಳಿಕೊಡುವವರು ತಿಂಗಳುಗಟ್ಟಲೆ ಬಾಯಿ ನೋಯಿಸಿಕೊಂಡು ತಿಳಿಸುವುದನ್ನು ಆ ಹುಡುಗಿ ಎರಡು ನಿಮಿಷದ ವಿಡಿಯೋ ಮುಗಿಯುವುದರೊಳಗೆ ಕಂಡಿದ್ದಳು.

ಕೆ-1 ಅಂದರೆ ಒಬ್ಬರೇ ಕೂರುವ ರೇಸಿಂಗ್ ಕಯಾಕ್. ಉದ್ದ 5.20 ಮೀಟರ್ ಮೀರುವಂತಿಲ್ಲ, ತೂಕ 12 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ. ಒಳಗೆ ಪುಟ್ಟ ಸೀಟು, ಅದರ ಮುಂದೆ ಪಾದ ಊರಲು ಒಂದು ಹಲಗೆ, ಪಾದದ ಮೇಲೆ ಹಾದುಹೋಗುವ ಒಂದು ಪಟ್ಟಿ, ಎರಡು ಪಾದಗಳ ನಡುವೆ ಚುಕ್ಕಾಣಿ ತಿರುಗಿಸುವ ಕಡ್ಡಿ. ಕೈಯಲ್ಲಿ ಪ್ಯಾಡಲ್, ಅಂದರೆ ಎರಡೂ ತುದಿಗೆ ಅಗಲವಾದ ಬ್ಲೇಡ್ ಇರುವ ಹುಟ್ಟು. ಬಲಗಡೆಯ ಬ್ಲೇಡ್ ನೀರಿಗಿಳಿಯುವ ಹೊತ್ತಿಗೆ ಬಲ ಮೊಣಕಾಲು ಮೇಲೆದ್ದಿರುತ್ತದೆ, ಬಲ ಭುಜ ಮುಂದಕ್ಕೆ ತಿರುಗಿರುತ್ತದೆ. ಬ್ಲೇಡ್ ಹಿಮ್ಮಡಿಯ ನೇರಕ್ಕೆ, ದೋಣಿಗೆ ಒತ್ತಿಕೊಂಡಂತೆ ಪೂರ್ತಿ ಮುಳುಗಬೇಕು. ಅದು ನೀರನ್ನು ಹಿಡಿದ ಗಳಿಗೆಯಲ್ಲೇ ಬಲ ಪಾದ ಹಲಗೆಯನ್ನು ಒತ್ತುತ್ತದೆ. ಮೊಣಕಾಲು ಇಳಿಯುತ್ತದೆ, ಸೊಂಟದ ಬಲಭಾಗ ಸೀಟಿನ ಮೇಲೆ ಹಿಂದಕ್ಕೆ ಜಾರುತ್ತದೆ, ಅದರ ಜೊತೆ ಇಡೀ ಬೆನ್ನು ತಿರುಗುತ್ತದೆ. ಎಡ ಪಾದ ಪಟ್ಟಿಯನ್ನು ಮೇಲಕ್ಕೆ ಎಳೆದು ಅದಕ್ಕೆ ಆನಿಕೆ ಕೊಡುತ್ತದೆ. ಇಷ್ಟೂ ಹೊತ್ತು ಬಲ ಮೊಣಕೈ ಹೆಚ್ಚುಕಡಿಮೆ ನೇರವಾಗಿಯೇ ಇರುತ್ತದೆ. ಬ್ಲೇಡ್ ಸೊಂಟದ ಹತ್ತಿರ ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು. ಅಲ್ಲಿಂದಾಚೆ ಎಳೆದರೆ ಬ್ಲೇಡ್ ನೀರನ್ನು ಮೇಲಕ್ಕೆ ಎತ್ತುತ್ತದೆ, ದೋಣಿಯ ಹಿಂಬದಿ ಕುಸಿಯುತ್ತದೆ, ವೇಗ ಸಾಯುತ್ತದೆ.

ಪ್ಯಾಡಲ್ ನೀರನ್ನು ಹಿಂದೆ ತಳ್ಳುತ್ತದೆ ಎಂದೇ ಎಲ್ಲರ ಎಣಿಕೆ. ಆದರೆ ಚೆನ್ನಾಗಿ ಹಿಡಿತ ಸಿಕ್ಕ ಬ್ಲೇಡ್ ನೀರಿನಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ದೋಣಿಯೇ ಅದನ್ನು ದಾಟಿ ಮುಂದೆ ಹೋಗುತ್ತದೆ. ಹಾಗೆ ದೋಣಿಯನ್ನು ಮುಂದಕ್ಕೆ ಒತ್ತುವ ಬಲ ಅದಕ್ಕೆ ಮುಟ್ಟುವುದು ಮುಖ್ಯವಾಗಿ ಪಾದದ ಹಲಗೆಯ ಮೂಲಕ. ಕೈ ಎಷ್ಟೇ ಎಳೆಯಲಿ, ಪಾದ ಸುಮ್ಮನಿದ್ದರೆ ಮೈ ಸೀಟಿನಲ್ಲಿ ಅಲ್ಲಾಡಿ ಆ ಬಲದಲ್ಲಿ ಒಂದಷ್ಟು ಪೋಲಾಗುತ್ತದೆ. ಪ್ಯಾರಿಸ್‌ನಲ್ಲಿ ಕ್ಯಾರಿಂಗ್ಟನ್ ಆ 500 ಮೀಟರನ್ನು 1 ನಿಮಿಷ 47 ಸೆಕೆಂಡು ಚಿಲ್ಲರೆಯಲ್ಲಿ ಮುಗಿಸಿದರು, ಗಂಟೆಗೆ ಸುಮಾರು 16.8 ಕಿ.ಮೀ. ಸರಾಸರಿ ವೇಗ. ಈ ಮಟ್ಟದಲ್ಲಿ ನಿಮಿಷಕ್ಕೆ 120ರ ಆಸುಪಾಸು ಬೀಸು ಬೀಳುತ್ತದೆ. ಲೆಕ್ಕ ಹಾಕಿದರೆ ಒಂದು ರೇಸಿಗೆ 200ಕ್ಕೂ ಹೆಚ್ಚು, ಒಂದೊಂದು ಕಾಲಿಗೆ ನೂರಕ್ಕೂ ಹೆಚ್ಚು ಒತ್ತು. ಹುಡುಗಿ ಹೇಳಿದ್ದು ಅಕ್ಷರಶಃ ಓಟವೇ.

ಮಾವನ ಮೇಲೆ ಸಿಟ್ಟಿಲ್ಲ. ಹರಿಗೋಲು, ನಾಡದೋಣಿ ನೋಡಿ ಬೆಳೆದ ಕಣ್ಣಿಗೆ ಕಾಣುವುದು ರಟ್ಟೆಯೇ. ಹರಿಗೋಲಿನಲ್ಲಿ ಅಂಚಿಗೆ ಕೂತು ಹುಟ್ಟು ಹಾಕುವವರಿಗೆ ಪಾದ ಒತ್ತಲು ಎದುರಿಗೆ ಹಲಗೆಯೇ ಇರುವುದಿಲ್ಲ, ಅಲ್ಲಿ ಭುಜ ತೋಳುಗಳೇ ದುಡಿಯಬೇಕು. ನಮ್ಮ ಹಿನ್ನೀರಿನ ಊರುಗಳು ದಶಕಗಟ್ಟಲೆ ದೋಣಿ, ಲಾಂಚ್ ನಂಬಿಕೊಂಡೇ ಬದುಕಿದವು. ಈ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದ್ದೇ 2025ರ ಜುಲೈನಲ್ಲಿ. ತಪ್ಪಿರುವುದು ಒಂದು ದೋಣಿಯ ಅನುಭವವನ್ನು ಇನ್ನೊಂದಕ್ಕೆ ಹಚ್ಚಿದ್ದರಲ್ಲಿ. ಅದಕ್ಕಿಂತ ದೊಡ್ಡ ತಪ್ಪು, ಅದೇ ಬಾಯಲ್ಲಿ "ಹುಡುಗೀರಿಗೆ ಆಗೋದಲ್ಲ" ಎಂದು ತೀರ್ಪು ಕೊಟ್ಟಿದ್ದರಲ್ಲಿ. ಕಾಲಿನ ಆಟ ಎಂದು ಗೊತ್ತಿದ್ದರೆ ಆ ತೀರ್ಪು ಬಾಯಿಗೆ ಬರುತ್ತಿರಲಿಲ್ಲ. ಗುಡ್ಡ ಹತ್ತಿಳಿದು ಶಾಲೆಗೆ ಹೋಗುವ ಮಲೆನಾಡಿನ ಹುಡುಗಿಯರ ಕಾಲಿನ ಬಗ್ಗೆ ಅನುಮಾನ ಪಡುವವರು ಇಲ್ಲಿ ಯಾರೂ ಇಲ್ಲ.

ಕಯಾಕ್‌ಗೆ ಕಾಲು ಬೇಕೇ ಎಂಬ ಅನುಮಾನ ಇದ್ದವರು ಪ್ಯಾರಾಲಿಂಪಿಕ್ಸ್ ಕಯಾಕ್‌ನ ವರ್ಗಗಳನ್ನು ನೋಡಬೇಕು. ಕೆಎಲ್-1, ಕೆಎಲ್-2, ಕೆಎಲ್-3 ಎಂದು ಮೂರು, ಎಲ್ಲವೂ 200 ಮೀಟರ್. ವಿಂಗಡಿಸುವುದು ಕಾಲು ಮತ್ತು ಮುಂಡ ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂಬುದರ ಮೇಲೆ. ಕಾಲಿಗೆ ಕೆಲಸವೇ ಇಲ್ಲದಿದ್ದರೆ ಹೀಗೆ ವರ್ಗ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮ ಪ್ರಾಚಿ ಯಾದವ್ 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಕೆಎಲ್-2ರಲ್ಲಿ. ಅವರು ಅಭ್ಯಾಸ ಮಾಡಿದ್ದು ಭೋಪಾಲದ ಕೆರೆಯಲ್ಲಿ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ನೀರಿದೆ.

"ಹುಡುಗೀರಿಗೆ ಆಗೋದಲ್ಲ" ಎಂಬುದು ಈ ಕ್ರೀಡೆಗೂ ಹಳೆಯ ಮಾತೇ. ಒಲಿಂಪಿಕ್ಸ್‌ಗೆ ಪುರುಷರ ಕಯಾಕ್ ಬಂದಿದ್ದು 1936ರಲ್ಲಿ, ಮಹಿಳೆಯರಿಗೆ ಕೆ-1 500 ಮೀಟರ್ ಸಿಕ್ಕಿದ್ದು 1948ರ ಲಂಡನ್‌ನಲ್ಲಿ, ಅದನ್ನು ಗೆದ್ದವರು ಡೆನ್ಮಾರ್ಕಿನ ಕಾರೆನ್ ಹಾಫ್. ಒಂದೇ ಬ್ಲೇಡಿನ ಕನೂ ಸ್ಪರ್ಧೆಗೆ ಮಹಿಳೆಯರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ವರೆಗೆ ಕಾಯಬೇಕಾಯಿತು. ಸಿಕ್ಕ ಅವಕಾಶದಲ್ಲೇ ಜರ್ಮನಿಯ ಬಿರ್ಗಿಟ್ ಫಿಷರ್ 1980ರಲ್ಲಿ 18ನೇ ವಯಸ್ಸಿಗೆ ಮೊದಲ ಚಿನ್ನ ಗೆದ್ದು, 2004ರಲ್ಲಿ 42ನೇ ವಯಸ್ಸಿಗೆ ಎಂಟನೆಯದನ್ನು ಗೆದ್ದರು. ಕ್ಯಾರಿಂಗ್ಟನ್ ಪ್ಯಾರಿಸ್‌ನಲ್ಲಿ ಕೆ-4 (ನಾಲ್ವರ ದೋಣಿ), ಕೆ-2 (ಇಬ್ಬರದು), ಕೆ-1 ಎಂದು ಮೂರು ದಿನದಲ್ಲಿ ಮೂರು ಚಿನ್ನ ಗೆದ್ದು ಅದೇ ಎಂಟಕ್ಕೆ ಬಂದು ನಿಂತಾಗ ಅವರಿಗೆ 35. 200 ಮೀಟರಿನಲ್ಲಿ ಲಂಡನ್, ರಿಯೊ, ಟೋಕಿಯೊ ಮೂರನ್ನೂ ಗೆದ್ದಿದ್ದರು. ಆ ಸ್ಪರ್ಧೆಯೇ ಪ್ಯಾರಿಸ್‌ನಲ್ಲಿ ಇರಲಿಲ್ಲ. ಅವರು 500ರಲ್ಲೂ ಅಷ್ಟೇ ಗಟ್ಟಿಯಾಗಿ ನಿಂತರು. ಈ ಕ್ರೀಡೆಯಲ್ಲಿ ನನಗೆ ಅವರಿಗಿಂತ ದೊಡ್ಡವರು ಕಾಣುವುದಿಲ್ಲ.

ಇನ್ನು ಕಲಿಯುವ ವಿಷಯ. ರೇಸಿಂಗ್ ಕೆ-1ಗೆ ಹೊಸಬರನ್ನು ನೇರ ಕೂರಿಸಬಾರದು. ಅಗಲ ತೀರಾ ಕಡಿಮೆ, ನಿಂತಲ್ಲೇ ಮಗುಚುತ್ತದೆ, ಹೆದರಿದವರು ಮೊದಲು ಬಿಗಿ ಹಿಡಿಯುವುದು ಕಾಲನ್ನೇ. ಕಾಲು ಬಿಗಿದರೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದಿದ್ದರೆ ಉಳಿಯುವುದು ರಟ್ಟೆ. ಮಾವನ ಮಾತು ನಿಜವಾಗುವುದು ಹೀಗೆ. ಪ್ಯಾಡಲನ್ನು ಬಿಗಿಯಾಗಿ ಹಿಡಿದರೂ ಇದೇ ಕಥೆ, ನೂರು ಮೀಟರ್ ಹೋಗುವಷ್ಟರಲ್ಲಿ ಮುಂಗೈ ಕಲ್ಲಾಗುತ್ತದೆ. ಮೊದಲು ನೆಲದ ಮೇಲೆ ಕಲಿಸುವುದು ಒಳ್ಳೆಯದು. ನುಣ್ಣಗಿನ ಕಾವಿ ನೆಲದ ಮೇಲೆ ಗೋಣಿಚೀಲ ಮಡಿಸಿ ಹಾಕಿ ಕೂರಬೇಕು. ಮೊಣಕಾಲು ಅರ್ಧ ಮಡಿಸಿ ಪಾದವನ್ನು ಗೋಡೆಗೆ ಕೊಡಬೇಕು. ಕೈಯಲ್ಲಿ ಎರಡು ಮೀಟರಿನ ಬಿದಿರು, ತಲೆಯ ಮೇಲೆ ಇಟ್ಟುಕೊಂಡಾಗ ಎರಡೂ ಮೊಣಕೈ ಲಂಬಕೋನದಲ್ಲಿ ಬರುವಷ್ಟು ಅಂತರದ ಹಿಡಿತ. ಬಲ ಪಾದ ಒತ್ತಿದರೆ ಚೀಲದ ಮೇಲೆ ಸೊಂಟದ ಬಲಭಾಗ ಹಿಂದೆ ಹೋಗಬೇಕು, ಎಡ ಪಾದ ಒತ್ತಿದರೆ ಎಡಭಾಗ. ಇದು ಬಂದ ಮೇಲೆ ಬಿದಿರನ್ನು ಸೇರಿಸಿಕೊಳ್ಳುವುದು. ಬಿದಿರು ಮೊದಲು ಓಡಿದರೆ ನಿಲ್ಲಿಸಿ, ಕಾಲಿನಿಂದ ಮತ್ತೆ ಶುರು.

ನೀರಿನ ಲೆಕ್ಕವೂ ಇದೆ. ಮಳೆಗಾಲದಲ್ಲಿ ತುಂಗೆಗೂ ಶರಾವತಿಗೂ ಕೈಮುಗಿದು ದೂರ ನಿಲ್ಲಬೇಕು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ. ಮಳೆ ನಿಂತು ನೀರು ಆ ಮಟ್ಟದ ಹತ್ತಿರ ಇರುವಾಗ ಬೆಳಗಿನ ಜಾವದ ಹಿನ್ನೀರು ರೇಸಿಂಗ್ ದೋಣಿಗೆ ಹೇಳಿಮಾಡಿಸಿದ್ದು. ಬಿಸಿಲೇರಿ ಗಾಳಿ ಎದ್ದರೆ ಸಣ್ಣ ಅಲೆಯೂ ಕೆ-1ಗೆ ಕಷ್ಟ. ಬೇಸಿಗೆಗೆ ಮಟ್ಟ ಇಳಿದಂತೆ ಮುಳುಗಿದ ಕಾಡಿನ ಕೊರಡುಗಳು ನೀರಿನ ಮೇಲ್ಮೈಗೆ ಬರುತ್ತವೆ, ದೋಣಿಯ ಅಡಿಯಲ್ಲಿರುವ ಚುಕ್ಕಾಣಿ ಅದಕ್ಕೆ ತಗುಲಿದರೆ ಮುರಿಯುತ್ತದೆ. ಕಲಿಯುವವರಿಗೆ ಲೈಫ್ ಜಾಕೆಟ್ ಎಲ್ಲ ಕಾಲಕ್ಕೂ ಬೇಕು.

ರೇಸಿಂಗ್ ದೋಣಿ ತರಿಸುವುದು ದುಬಾರಿ, ಅದು ನಾಳೆಯೇ ಆಗಲಿ ಎಂದು ಕೇಳುತ್ತಿಲ್ಲ. ಅಂದು ಹುಡುಗಿಯ ಸರದಿ ಬಂದಾಗ ಅವಳಿಗೆ ಕೊಟ್ಟಿದ್ದು ದೊಡ್ಡವರ ಅಳತೆಯ ಅಗಲ ಪ್ಲಾಸ್ಟಿಕ್ ಕಯಾಕ್. ಪಾದ ಊರುವ ಗುಳಿಗೆ ಅವಳ ಕಾಲು ಮುಟ್ಟಲೇ ಇಲ್ಲ. ಕಾಲು ಚಾಚಿಕೊಂಡು ಬರೀ ಕೈಯಲ್ಲಿ ಎಳೆದು, ಹತ್ತು ನಿಮಿಷಕ್ಕೆ ಸೋತು ದಂಡೆಗೆ ಬಂದಳು. "ಹೇಳಿದ್ನಲ್ಲಾ" ಎಂದರು ಮಾವ. ದೋಣಿ ಕೊಡುವವರು ಇಷ್ಟು ಮಾಡಬಹುದು: ಆ ಗುಳಿಗೂ ಮಕ್ಕಳ ಪಾದಕ್ಕೂ ನಡುವೆ ಗಟ್ಟಿ ಥರ್ಮೋಕೋಲ್ ಅಥವಾ ಮರದ ತುಂಡು ಕೂರಿಸಿ, ಅಲ್ಲಾಡದಂತೆ ಬೆಲ್ಟ್ ಬಿಗಿಯುವುದು. ಮೊಣಕಾಲು ಅರ್ಧ ಮಡಿಚಿ ಕೂತಾಗ ಪಾದ ಪೂರ್ತಿ ಊರಬೇಕು. ತೀರಾ ಹತ್ತಿರವಾದರೆ ಮೊಣಕಾಲು ಕೈಗೆ ಅಡ್ಡ ಬರುತ್ತದೆ, ದೂರವಾದರೆ ಒತ್ತಲು ಏನೂ ಉಳಿಯುವುದಿಲ್ಲ. ಎರಡು ಮೂರು ಅಳತೆಯ ತುಂಡು ದಂಡೆಯಲ್ಲಿಟ್ಟುಕೊಂಡು, ಲೈಫ್ ಜಾಕೆಟ್ ಅಳತೆ ನೋಡುವಾಗಲೇ ಕಾಲಿನದೂ ನೋಡಿದರೆ ಆಯಿತು.