ತೋಡಿಯ ಗಾಂಧಾರಕ್ಕೆ ಎಷ್ಟು ಚುಕ್ಕೆ?

ಭಾನುವಾರ ರಾತ್ರಿ ಪಾತ್ರೆ ತೊಳೀತಿದ್ದೆ. ಮಗಳು ಪೆನ್ಸಿಲ್ ಹಿಡ್ಕೊಂಡು ಬಂದು, "ಅಮ್ಮಾ, ಆ ತೋಡಿ ರಾಗದ ಗಾಂಧಾರ ಇನ್ನೊಂದ್ಸಲ ನುಡಿಸು, ನಿಧಾನಕ್ಕೆ" ಅಂದಳು. ಕೈ ಒರೆಸಿಕೊಂಡು ಪಿಟೀಲು ತೆಗೆದು ನೆಲದ ಮೇಲೆ ಕೂತೆ. ನಾಲ್ಕು ಸಲ ನುಡಿಸಿದ ಮೇಲೆ ಅವಳ ತೀರ್ಪು: "ಇದು ಒಂದು ಸ್ವರ ಅಲ್ಲ, ಏಳು." ಪಾಶ್ಚಾತ್ಯ ಸಂಗೀತ ಬರೆಯೋ ಐದು ಗೆರೆಗಳ ಮಧ್ಯೆ ಏಳು ಪುಟ್ಟ ಚುಕ್ಕೆ ಇಟ್ಟಳು. ಮೈಸೂರಲ್ಲಿ ನಮ್ಮ ಮೇಷ್ಟ್ರು ನೋಟ್‌ಬುಕ್ಕಲ್ಲಿ ಬರೆಸಿದ್ದು ಬರೀ 'ಗ'. ಮಿಕ್ಕಿದ್ದೆಲ್ಲ, ಅಂದ್ರೆ ಆ ಸ್ವರವನ್ನು ತೂಗಾಡಿಸೋ ಗಮಕ, ಅವರ ಬೆರಳು ನೋಡಿ ಕಲಿತದ್ದು.

ಅವಳಿಗೆ ಹದಿನಾರು. ಇಲ್ಲಿ ಇಂಗ್ಲೆಂಡಿನಲ್ಲಿ ಜಿಸಿಎಸ್‌ಇಗೆ (ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ) ಮ್ಯೂಸಿಕ್ ತಗೊಂಡವರು ಸ್ವಂತದ್ದು ಎರಡು ರಚನೆ ಕೊಡಬೇಕು. ಎರಡೂ ಸೇರಿ ಕನಿಷ್ಠ 3 ನಿಮಿಷ. ನೂರಕ್ಕೆ 30 ಅಂಕ ಅದಕ್ಕೇ. ಗಿಟಾರ್ ಹಿಡಿದು ಒಂದು ಹಾಡು ಮಾಡಿದ್ರೆ ಮುಗೀತಿತ್ತು. ಇವಳು ಪಿಟೀಲು, ಚೆಲ್ಲೊ, ಕ್ಲಾರಿನೆಟ್ ಇಟ್ಕೊಂಡು ಏನೋ ಬರೆದಿದ್ದಾಳೆ. ತಾಳ ಹಾಕೋಕೆ ಹೋದ್ರೆ ಐದು, ಆಮೇಲೆ ಏಳು, ಆಮೇಲೆ ಇದ್ದಕ್ಕಿದ್ದ ಹಾಗೆ ಮೌನ. "ಶ್ರುತಿ ಸೇರಿಲ್ವಲ್ಲೇ" ಅಂದೆ. "ಸೇರಬಾರದು ಅಂತಾನೇ ಬರೆದಿದ್ದು."

ಈ ವಯಸ್ಸಿಗೆ ಇಷ್ಟು ಗಂಭೀರ ಯಾಕೆ ಅಂದಿದ್ದಕ್ಕೆ ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್‌ನನ್ನು ಎಳೆದು ತಂದಳು. 1930ರಲ್ಲಿ, ಹದಿನಾರರ ಹುಡುಗ, ನಾರ್ಫೋಕ್‌ನ ಗ್ರೆಶಮ್ಸ್ ಶಾಲೆಯಲ್ಲಿ ಕಾಯಿಲೆ ಮಕ್ಕಳ ಕೋಣೇಲಿ ಮಲಗಿದ್ದಾಗ 'ಎ ಹಿಮ್ ಟು ದ ವರ್ಜಿನ್' ಅನ್ನೋ ವೃಂದಗಾನ ಬರೆದನಂತೆ. ಒಂದು ಗುಂಪು ಇಂಗ್ಲಿಷಿನಲ್ಲಿ ಹಾಡಿದ್ರೆ ಇನ್ನೊಂದು ಲ್ಯಾಟಿನ್‌ನಲ್ಲಿ ಉತ್ತರ ಕೊಡುತ್ತೆ, ಭಾಷೆ ಬೆರೆಸಿ ಬರೆಯೋ ನಮ್ಮ ಮಣಿಪ್ರವಾಳದ ಹಾಗೆ. ನಾನೂ ಬಿಡಲಿಲ್ಲ. ನಮ್ಮ ಜಯಚಾಮರಾಜ ಒಡೆಯರು 94 ಕೃತಿ ರಚಿಸಿದವರು, ಅವರೇ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ಗೊತ್ತಾ ಅಂದೆ. ಗೊತ್ತಿರಲಿಲ್ಲ. ಒಂದು ಪಾಯಿಂಟ್ ನನಗೆ.

ಪರೀಕ್ಷೆಗೆ ಕಂಪ್ಯೂಟರ್ ನುಡಿಸಿದ ರೆಕಾರ್ಡಿಂಗ್ ಕೊಟ್ಟರೂ ನಡೆಯುತ್ತೆ. ಇವಳಿಗೆ ಮನುಷ್ಯರೇ ಬೇಕು. ಹಾಗಾಗಿ ಮಂಗಳವಾರ ಊಟದ ಬಿಡುವಿನಲ್ಲಿ ಮೂವರು ಗೆಳೆಯರನ್ನು ಕೂಡಿಸಿದಳು. ಮೊದಲ ಸಾಲಿಗೇ ಎಡವಟ್ಟು. ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ 'ಸಿ' ಅಂತ ಓದಿ ಊದಿದ್ರೆ ಕೇಳಿಸೋದು ಬಿ ಫ್ಲಾಟ್, ಒಂದು ಸ್ವರ ಕೆಳಗೆ. ಅದಕ್ಕೇ ಕ್ಲಾರಿನೆಟ್ ಊದೋರ ಹಾಳೆಯಲ್ಲಿ ಒಂದು ಸ್ವರ ಮೇಲಕ್ಕೆ ಬರೆದಿರಬೇಕು. ಇವಳು ಸಂಗೀತ ಬರೆಯೋ ತಂತ್ರಾಂಶ ಮ್ಯೂಸ್‌ಸ್ಕೋರ್‌ನಲ್ಲಿ, ಕೇಳಿಸೋ ಸ್ವರವನ್ನೇ ತೋರಿಸೋ 'ಕನ್ಸರ್ಟ್ ಪಿಚ್' ಗುಂಡಿ ಆನ್ ಇಟ್ಟೇ ಪ್ರಿಂಟ್ ತೆಗೆದಿದ್ದಳು. ಕಂಪ್ಯೂಟರ್ ಹೇಗಿದ್ರೂ ಸರಿಯಾಗೇ ನುಡಿಸುತ್ತೆ, ತಪ್ಪು ಗೊತ್ತಾಗೋದು ಉಸಿರಿರೋರು ಊದಿದಾಗ. ತಮಾಷೆ ಏನಂದ್ರೆ, ಕ್ಲಾರಿನೆಟ್ ಹುಡುಗಿ ಹನ್ನೆರಡು ಸಾಲು ಊದೋವರೆಗೂ ಯಾರಿಗೂ ತಿಳಿಯಲಿಲ್ಲ. ಶ್ರುತಿ ಸೇರಬಾರದ ಸಂಗೀತ ತಾನೆ!

ಪಿಟೀಲಿನ ಹುಡುಗ ಏಳು ಚುಕ್ಕೆಯನ್ನೂ ಒಂದೂ ಬಿಡದೆ ನುಡಿಸಿದನಂತೆ. "ಟೈಪ್ ಮಾಡಿದ ಹಾಗಿತ್ತಮ್ಮಾ" ಅಂದಳು. ಊಟ ಸೇರಲಿಲ್ಲ ಅವತ್ತು.

ನಿನ್ನೆ ನೋಡಿದ್ರೆ ಏಳನ್ನೂ ಅಳಿಸಿದ್ದಾಳೆ. ಅಲ್ಲಿ ಈಗ ಉದ್ದನೆಯದೊಂದು ಇ ಫ್ಲಾಟ್ ಸ್ವರ, ತಲೆ ಮೇಲೆ ಅಲೆಯ ಗೆರೆ. "ಶನಿವಾರ ಅವನು ಬರ್ತಾನೆ, ನೀನು ನುಡಿಸಿ ತೋರಿಸು, ಅವನು ನಿನ್ನ ಬೆರಳು ನೋಡ್ಲಿ" ಅಂದಳು. ಚಿತ್ರಾನ್ನಕ್ಕೆ ಮೆಣಸಿನಕಾಯಿ ಕಮ್ಮಿ ಹಾಕಬೇಕಂತೆ. ಆ ಹುಡುಗನಿಗೆ ನೆಲದ ಮೇಲೆ ಕೂತು ಅಭ್ಯಾಸ ಇದೆಯೋ ಇಲ್ವೋ, ಚಾಪೆ ಮೇಲೊಂದು ದಿಂಬು ಹಾಕಿಡ್ತೀನಿ.